ದೊರೆ ಬರೆದ ಕಾಗೆ

ಹತ್ತಿರ ಬನ್ನಿ, ಇನ್ನೂ ಹತ್ತಿರ. ಹಿಂದೆ ಕೂತರೆ ಕೇಳಿಸಲ್ಲ, ಆಮೇಲೆ ಮುಂದಿನೋರನ್ನ ಗಿಲ್ಲಿ "ಏನಂದ, ಏನಂದ" ಅಂತೀರಿ. ಹೂಂಗುಟ್ಟೋಕೆ ಒಬ್ಬರು ಬೇಕು. ನೀನೇ ಹೂಂ ಅನ್ನವ್ವ. ನೀನು ಹೂಂ ಅಂದ್ರೆ ಕಥೆ ನಡೆಯುತ್ತೆ, ಸುಮ್ಮನಾದ್ರೆ ಅದೂ ಅಲ್ಲೇ ಕಾಲು ಚಾಚಿ ಮಲಗುತ್ತೆ.

ಒಂದು ಸೀಮೆ ಇತ್ತು. ಯಾವ ಸೀಮೆ ಅಂತ ಕೇಳಬೇಡಿ. ಹೆಸರು ಹೇಳಿದ್ರೆ ಆ ಕಡೆಯೋರು ದೊಣ್ಣೆ ಹಿಡಕೊಂಡು ಬರ್ತಾರೆ. ಆ ಸೀಮೆಗೊಬ್ಬ ದೊರೆ, ಕೊಂಡಪ್ಪನಾಯಕ ಅಂತ. ಮೀಸೆ ಇಷ್ಟುದ್ದ, ಮಾತು ಅಷ್ಟುದ್ದ. ಒಂದು ದಿನ ತುಂಬಿದ ಸಭೆಯಲ್ಲಿ ತೊಡೆ ತಟ್ಟಿ ಹೇಳಿಬಿಟ್ಟ: "ನಾನು ಚಿತ್ರ ಬರೀತೀನಿ. ಏಳು ಸೀಮೆಯ ಜನ ನಿಂತು ನೋಡಬೇಕು, ಅಂಥಾದ್ದು ಬರೀತೀನಿ!"

ಸಭೆಯೆಲ್ಲಾ ಚಪ್ಪಾಳೆ. ಇನ್ನೂ ಬರೆದಿಲ್ಲ ಕಣ್ರಪ್ಪಾ, ಬರೀತೀನಿ ಅಂದಿದ್ದಕ್ಕೇ ಚಪ್ಪಾಳೆ!

ಸರಿ, ಹೇಳಿದ ಮೇಲೆ ಬರೀಬೇಕಲ್ಲ? ದೊರೆ ಮೂವರು ಪಂಡಿತರನ್ನ ಕರೆಸಿದ. "ಚಿತ್ರ ಬರೆಯೋಕೆ ಏನು ಬೇಕು?"

ಮೊದಲನೇ ಪಂಡಿತ ಅಂದ, "ಕುಂಚ ಬೇಕು ಮಹಾಸ್ವಾಮಿ. ಬಿಳೀ ಅಳಿಲಿನ ಬಾಲದ ಕೂದಲಿಂದು." ಆಳುಗಳು ಕಾಡಿಗೆ ಹೋದ್ರು. ನಾಲ್ಕು ವರ್ಷ ಅಲೆದ್ರು. ಕೊನೆಗೆ ಬೇಸತ್ತು ಒಂದು ಮಾಮೂಲಿ ಅಳಿಲು ಹಿಡಿದು, ಸುಣ್ಣ ಬಳಿದು ತಂದುಕೊಟ್ರು. ದೊರೆ ಚಿತ್ರ ಬರೆದನಾ? ಇಲ್ಲ.

ಎರಡನೇ ಪಂಡಿತ ಅಂದ, "ಕುಂಚ ಇದ್ರೆ ಆಯ್ತಾ? ಮಂಟಪ ಬೇಕು. ಪೂರ್ವಕ್ಕೆ ಬಾಗಿಲು, ನೂರು ಕಂಬ, ಒಳಗೆ ನೊಣದ ಸದ್ದೂ ಕೇಳಬಾರದು." ನಾಲ್ಕು ವರ್ಷ ಕಲ್ಲು ಕೆತ್ತಿದ್ರು, ಕಂಬ ನಿಲ್ಲಿಸಿದ್ರು. ನೊಣ ಹೊಡೆಯೋಕೆ ಇಬ್ಬರನ್ನ ಇಟ್ರು. ದೊರೆ ಚಿತ್ರ ಬರೆದನಾ? ಇಲ್ಲ.

ಮೂರನೇ ಪಂಡಿತ ಕಣ್ಣುಮುಚ್ಚಿ ಅಂದ, "ಭಾವ ಬರಬೇಕು ಮಹಾಸ್ವಾಮಿ. ಒಳಗಿಂದ ಉಕ್ಕಿ ಬರಬೇಕು. ಅಲ್ಲೀವರೆಗೆ ಕಾಯಬೇಕು." ಇದು ದೊರೆಗೆ ಬಹಳ ಹಿಡಿಸ್ತು. ಯಾಕೆ ಹಿಡಿಸಲ್ಲ? ಮಲಗಿಕೊಂಡು ಮಾಡೋ ಕೆಲಸ. ನಾಲ್ಕು ವರ್ಷ ಮಂಟಪದಲ್ಲಿ ದಿಂಬಿಗೆ ಒರಗಿ ಕಾದ. ಬಾಗಿಲಲ್ಲಿ ಒಬ್ಬ ಕಾವಲುಗಾರ. ಒಳಗಿಂದ ದೊರೆ ಕೂಗೋನು, "ಬಂತೇನೋ?" "ಇಲ್ಲ ಬುದ್ಧಿ, ಹಾಲಿನೋಳು ಬಂದ್ಲು." "ಈಗ ಬಂತೇನೋ?" "ಇಲ್ಲ ಬುದ್ಧಿ, ಕ್ಷೌರದೋನು ಬಂದ." ದೊರೆ ಚಿತ್ರ ಬರೆದನಾ? ನೀವೇ ಹೇಳಿ.

ಹನ್ನೆರಡು ವರ್ಷ ಆಯ್ತು. ಚಿತ್ರ ಇಲ್ಲ. ಆದ್ರೆ ಚಿತ್ರದ ಸುದ್ದಿ ಮಾತ್ರ ಏಳು ಸೀಮೆ ದಾಟಿ ಹೋಗಿತ್ತು. ಹೊಗಳುಭಟರಿಗೆ ಚಿತ್ರ ಯಾಕೆ ಬೇಕು? ಅವರು ಸುಮ್ಮನೇ ಹೊಗಳಿಕೊಂಡು ಊರೂರು ತಿರುಗಿದ್ರು.

ಇರ್ಲಿ. ಈಗ ಅರಮನೆ ಹಿಂದಕ್ಕೆ ಬನ್ನಿ. ಮೂಗು ಮುಚ್ಚಿಕೊಳ್ಳಬೇಡಿ, ಅಲ್ಲಿ ಎಮ್ಮೆ ಕೊಟ್ಟಿಗೆ ಇತ್ತು. ಅಲ್ಲಿ ಸಗಣಿ ಬಾಚೋಳು ಮಾಳವ್ವ. ಗಂಡ ತೀರಿಕೊಂಡು ಬಹಳ ವರ್ಷ ಆಗಿತ್ತು. ಮನೆಯಲ್ಲಿ ಅವಳು, ಅವಳ ಅತ್ತೆ, ಇಬ್ಬರೇ.

ಮಾಳವ್ವನಿಗೊಂದು ಹುಚ್ಚಿತ್ತು. ದಿನಾ ಮಧ್ಯಾಹ್ನ ಒಂದು ಗಳಿಗೆ ಬಿಡುವು ಸಿಕ್ಕಾಗ, ಕೊಟ್ಟಿಗೆ ಗೋಡೆ ಮೇಲೆ ರೊಟ್ಟಿಯಷ್ಟು ಜಾಗ ಸಾರಿಸಿ, ಆವತ್ತು ಕಂಡಿದ್ದನ್ನ ಬರೆಯೋಳು. ಕೆಮ್ಮಣ್ಣು, ಸುಣ್ಣ, ಒಲೆಯ ಇದ್ದಿಲು. ಕುಂಚ ಯಾವುದು? ಬೆಳಿಗ್ಗೆ ಹಲ್ಲುಜ್ಜಿದ ಬೇವಿನ ಕಡ್ಡಿ! ಒಂದು ದಿನ ಇರುವೆ ಸಾಲು ಬರೆದ್ಲು. ಒಂದು ದಿನ ಮೂಗುತಿ ಕಳಕೊಂಡು ಕಸದಲ್ಲಿ ಹುಡುಕೋ ಮುದುಕಿಯನ್ನ ಬರೆದ್ಲು. ಒಂದು ದಿನ, ಪಾಪ, ಮಂತ್ರಿ ಆ ಕಡೆ ಬಂದು ಆಕಳಿಸಿದ. ಅದನ್ನೂ ಬರೆದ್ಲು.

ಅತ್ತೆ ಬೈಯೋಳು, "ಗೋಡೆ ಗೀಚಿದ್ರೆ ತಟ್ಟೆಗೆ ಏನಾದ್ರೂ ಬೀಳುತ್ತೇನೇ?"

"ಬೀಳಲ್ಲ ಅತ್ತೆ."

"ಮತ್ಯಾಕೆ ಗೀಚ್ತೀಯೆ?"

"ಇಡೀ ದಿನ ಅವರ ಸಗಣಿ ಬಾಚ್ತೀನಿ ಅತ್ತೆ. ಇಷ್ಟೇ ಇಷ್ಟು ಹೊತ್ತು ನನ್ನದು."

ಅತ್ತೆ ಇನ್ನೂ ಜೋರಾಗಿ ಬೈದ್ಲು.

ಮಾಳವ್ವನಿಗೆ ಒಂದೇ ಒಂದು ಆಸೆ. ಎಮ್ಮೆ ಏಳೋದನ್ನ ಬರೀಬೇಕು. ಎಮ್ಮೆ ಏಳೋದು ನೋಡಿದೀರಾ? ಮೊದಲು ಹಿಂಗಾಲು ಎತ್ತುತ್ತೆ. ಹಿಂಭಾಗ ಮೇಲೆ, ಮುಂದಿನ ಮಂಡಿ ಇನ್ನೂ ನೆಲದಲ್ಲಿ. ಆ ಗಳಿಗೆಯಲ್ಲಿ ತಾನು ಏಳ್ತಿದೀನೋ ಬೀಳ್ತಿದೀನೋ ಎಮ್ಮೆಗೇ ಗೊತ್ತಿರಲ್ಲ. ಅದನ್ನ ಬರೀಬೇಕು ಅಂತ ಕೂತ್ಲು. ಮೊದಲನೇ ಸಲ ಬರೆದಿದ್ದು ಪೆಟ್ಟಿಗೆ ಥರ ಕಾಣ್ತು. ಎರಡನೇದು ಸೊಂಟ ಹಿಡಿದ ಮುದುಕಿ. ಮೂರನೇದು ಎರಡು ಎಮ್ಮೆ ಜಗಳ ಆಡಿದ ಹಾಗೆ. ಹೀಗೆ ಏಳು ಸಲ ಬರೆದ್ಲು, ಏಳೂ ಕೆಟ್ಟವು. ಆದ್ರೆ ಒಂದನ್ನೂ ಅಳಿಸಲಿಲ್ಲ. "ಯಾವುದು ಎಲ್ಲಿ ಕೆಡ್ತು ಅಂತ ನೋಡಬೇಕಲ್ಲ" ಅನ್ನೋಳು.

ಒಂದು ದಿನ ಏನಾಯ್ತು ಅಂದ್ರೆ, ಸಗಣಿ ಬುಟ್ಟಿ ತಲೆ ಮೇಲಿಟ್ಟುಕೊಂಡು ನೆಲದಿಂದ ಏಳ್ತಿದ್ಲು. ತುಂಬಿದ ಬುಟ್ಟಿ. ಒಂದು ಮಂಡಿ ಊರಿ, ಸೊಂಟ ಎತ್ತಿ, ಇನ್ನೇನು ಏಳಬೇಕು, ಹಾಗೇ ನಿಂತುಬಿಟ್ಲು. "ಅಯ್ಯೋ! ನಾನೂ ಹೀಗೇ ಏಳೋದಲ್ವಾ! ಭಾರ ಇರೋದು ಬೆನ್ನಲ್ಲಲ್ಲ, ಮಂಡಿಯಲ್ಲಿ!" ಬುಟ್ಟಿ ಅಲ್ಲೇ ಬಿತ್ತು. ಮಂಡಿಯ ನೋವು ಆರೋದ್ರೊಳಗೆ ಗೋಡೆ ಹತ್ರ ಓಡಿದ್ಲು. ನಾಲ್ಕು ಗೆರೆ, ಒಂದು ತಿರುವು. ಎಮ್ಮೆ ಎದ್ದಿತು! ಮಾಳವ್ವ ನೆಲದಲ್ಲಿ ಕುಕ್ಕರಿಸಿ ಒಬ್ಬಳೇ ನಕ್ಕಳು, ಒಬ್ಬಳೇ ಅತ್ತಳು. ಆಮೇಲೆ ಬಿದ್ದ ಸಗಣಿ ಬಾಚಿದ್ಲು. ಇನ್ಯಾರು ಬಾಚ್ತಾರೆ?

ಇತ್ತ ಅರಮನೆಗೆ ಓಲೆ ಬಂತು. ಪಕ್ಕದ ಸೀಮೆ ಆಳೋ ರಾಣಿ ಗೌರಾಜಮ್ಮ ಬರೀತಾಳೆ: "ನಿಮ್ಮ ಚಿತ್ರದ ಕೀರ್ತಿ ಹನ್ನೆರಡು ವರ್ಷದಿಂದ ಕೇಳ್ತಿದೀನಿ. ನಾಡಿದ್ದು ನೋಡೋಕೆ ಬರ್ತೀನಿ."

ದೊರೆಗೆ ಬೆವರು ಕಿತ್ತುಕೊಂಡು ಬಂತು. ಪಂಡಿತರ ಕಡೆ ನೋಡಿದ. ಮೊದಲನೇ ಪಂಡಿತನಿಗೆ ಹೊಟ್ಟೆನೋವು, ಎರಡನೇ ಪಂಡಿತನಿಗೆ ತಲೆನೋವು. ಮೂರನೇ ಪಂಡಿತ ಧ್ಯಾನಕ್ಕೆ ಕೂತುಬಿಟ್ಟ.

ಮಂತ್ರಿ ಕಿವಿಯಲ್ಲಿ ಊದಿದ, "ಮಹಾಸ್ವಾಮಿ, ಕೊಟ್ಟಿಗೆಯಲ್ಲಿ ಒಂದು ಗೋಡೆ ತುಂಬ ಚಿತ್ರ ಇದಾವಂತೆ. ಕೊಟ್ಟಿಗೆ ನಿಮ್ಮದು, ಗೋಡೆ ನಿಮ್ಮದು, ಸಗಣೀನೂ ನಿಮ್ಮದೇ. ಚಿತ್ರ ಇನ್ಯಾರದು?"

ದೊರೆ ಮುಖ ಅರಳಿತು. ಮಂತ್ರಿ ಕೊಟ್ಟಿಗೆಗೆ ಹೋದ. ಗೋಡೆ ನೋಡಿದ. ಬಾಯಿ ಅಗಲ ತೆಗೆದು ಆಕಳಿಸ್ತಿರೋ ತನ್ನನ್ನೇ ಕಂಡ. ಮೈ ಉರಿದುಹೋಯ್ತು, ಆದ್ರೆ ಅಳಿಸಿದ್ರೆ ಗೋಡೆ ನಡುವೆ ಬೋಳು ಕಾಣುತ್ತೆ. ಕೆಳಗಿನ ಸಾಲಿನ ಏಳು ಕೆಟ್ಟ ಎಮ್ಮೆಗಳ ಮುಂದೆ ಹುಲ್ಲಿನ ಮೆದೆ ಒಟ್ಟಿಸಿ ಮುಚ್ಚಿದ. ಮಾಳವ್ವನಿಗೆ ಬೆರಳು ತೋರಿಸಿ ಹೇಳಿದ, "ಇವೆಲ್ಲಾ ದೊರೆ ಬರೆದವು. ನೀನು ಬಾಯಿ ಬಿಟ್ರೆ ನಾಲಿಗೆ ಇರಲ್ಲ."

ಮಾಳವ್ವ ಸೆರಗು ಬಿಗಿ ಮಾಡಿಕೊಂಡು ಕಂಬದ ಹಿಂದೆ ನಿಂತಳು. ಏನು ಹೇಳ್ತಾಳೆ? ಇಷ್ಟು ವರ್ಷ "ಇದು ನನ್ನದು" ಅಂತ ಇಟ್ಟುಕೊಂಡಿದ್ದು ಅದೊಂದೇ. ಅದಕ್ಕೂ ಕೈ ಹಾಕಿದ್ರು.

ರಾಣಿ ಬಂದ್ಲು. ಆರತಿ ಬೇಡ ಅಂದ್ಲು, ಹಾರ ಬೇಡ ಅಂದ್ಲು, ಊಟ ಆಮೇಲೆ ಅಂದ್ಲು. "ಚಿತ್ರ ತೋರಿಸಿ." ಕೇಳಿ, ಈ ರಾಣಿ ದಿನಾ ಬೆಳಿಗ್ಗೆ ಮಗ್ಗದ ಮುಂದೆ ಕೂತು ಗೇಣುದ್ದ ಬಟ್ಟೆ ನೇಯೋಳು. ತಪ್ಪಿದ್ರೆ ಬಿಚ್ಚೋಳು, ಮತ್ತೆ ನೇಯೋಳು. ಅಂಥೋಳ ಕಣ್ಣಿಗೆ ಮಣ್ಣೆರಚೋದು ಸುಲಭಾನಾ?

ರಾಣಿ ಕೊಟ್ಟಿಗೆ ಗೋಡೆ ಮುಂದೆ ನಿಂತಳು. ಇರುವೆ ಸಾಲು ನೋಡಿದ್ಲು, ಮುದುಕಿ ನೋಡಿದ್ಲು, ಮಂತ್ರಿ ಆಕಳಿಸೋದು ನೋಡಿ ಮಂತ್ರಿಯನ್ನೂ ನೋಡಿದ್ಲು. ಮಂತ್ರಿ ಹಲ್ಲು ಕಿರಿದು, "ನನ್ನನ್ನ ಬರೆದಿದ್ದು ನನ್ನ ಪುಣ್ಯ" ಅಂದ. ಆಮೇಲೆ ರಾಣಿ ಎಮ್ಮೆ ಚಿತ್ರದ ಹತ್ರ ಬಂದ್ಲು.

"ನಾಯಕರೇ, ಈ ಎಮ್ಮೆ ಬರೆಯೋಕೆ ಎಷ್ಟು ದಿನ ಹಿಡೀತು?"

ದೊರೆ ಮೀಸೆ ತಿರುವಿದ. "ದಿನಾನಾ? ರೆಪ್ಪೆ ಬಡಿಯೋದ್ರೊಳಗೆ ಬರೆದೆ. ಭಾವ ಬಂದಿತ್ತು."

"ಒಂದೇ ಸಲಕ್ಕಾ?"

"ಒಂದೇ ಸಲಕ್ಕೆ!"

ಅಷ್ಟರಲ್ಲಿ ಕೊಟ್ಟಿಗೆಯ ಒಂದು ಎಮ್ಮೆ ಹಗ್ಗ ಜಗ್ಗಿಕೊಂಡು ಬಂತು. ಅದಕ್ಕೇನು ಗೊತ್ತು ದೊರೆತನ, ಮಂತ್ರಿತನ? ಎದುರಿಗೆ ಹುಲ್ಲಿತ್ತು, ತಿಂತು. ಒಂದು ಬಾಯಿ ಎಳೀತು, ಒಂದು ಕೆಟ್ಟ ಎಮ್ಮೆ ಕಾಣ್ತು. ಎರಡು ಬಾಯಿ ಎಳೀತು, ಮೂರು ಕಂಡ್ವು. ಮೂರನೇ ಸಲ ಕೊಂಬು ಹಾಕಿ ತಳ್ಳಿತು ನೋಡಿ, ಮೆದೆಯೇ ಉರುಳಿ ಏಳೂ ಬಯಲಾದ್ವು.

ರಾಣಿ ಬಗ್ಗಿ ನೋಡಿದ್ಲು. "ಇವು ಯಾರು ಬರೆದಿದ್ದು?"

ದೊರೆ ತಡಬಡಿಸಿದ. "ಇವಾ? ಇವು... ಸಗಣಿ ಬಾಚೋ ಹೆಂಗಸು ಗೀಚಿದ್ದು."

"ಅಂದ್ರೆ ಕೆಟ್ಟಿದ್ದು ಅವಳದು, ಚೆನ್ನಾಗಿರೋದು ನಿಮ್ಮದು."

"ಹೌದು ಅಮ್ಮಾ, ಹಾಗೇ!"

"ಸರಿ ಹಾಗಾದ್ರೆ. ಆ ಕೆಟ್ಟಿದ್ದು ಬರೆದೋಳನ್ನ ಕರೀರಿ. ನಾನು ನೋಡೋಕೆ ಬಂದಿದ್ದು ಅವಳನ್ನೇ."

ಮಾಳವ್ವ ಕಂಬದ ಹಿಂದಿಂದ ಈಚೆ ಬಂದ್ಲು. ರಾಣಿ ಅವಳ ಕೈ ಹಿಡಿದು ಬೆರಳು ನೋಡಿದ್ಲು. ಉಗುರಲ್ಲಿ ಕೆಮ್ಮಣ್ಣು. ದೊರೆಯ ಬೆರಳು ನೋಡಿದ್ಲು. ಉಂಗುರದ ಹೊಳಪು ಬಿಟ್ರೆ ಏನೂ ಇಲ್ಲ.

"ನಾಯಕರೇ, ಮೇಲೆ ಸೂರಿನ ಮೇಲೆ ಕಾಗೆ ಕೂತಿದೆ. ಬರೀರಿ."

ದೊರೆ ಅಂದ, "ಈಗ ಭಾವ..."

"ಕಾಗೆ ಬಂದಿದೆಯಲ್ಲ, ಸಾಕು."

ಏನು ಮಾಡ್ತಾನೆ? ಇದ್ದಿಲು ತಗೊಂಡ. ಅಲ್ಲಿ ಎಳೆದ, ಇಲ್ಲಿ ಎಳೆದ, ಬೆವರು ಒರೆಸಿದ. ಹನ್ನೆರಡು ವರ್ಷದ ಮೇಲೆ ದೊರೆ ಚಿತ್ರ ಬರೆದ! ಹೊಟ್ಟೆನೋವು ತಲೆನೋವು ವಾಸಿಯಾಗಿ ಪಂಡಿತರೆಲ್ಲಾ ಬಂದು ಸೇರಿದ್ರು. ಒಬ್ಬ, "ಆಹಾ, ಗರುಡ!" ಅಂದ. ಇನ್ನೊಬ್ಬ, "ಅಲ್ಲ, ನವಿಲು!" ಅಂದ. ಮೂರನೆಯೋನು ರಿಸ್ಕು ಯಾಕೆ ಅಂತ, "ಮಾತಿಗೆ ಮೀರಿದ್ದು!" ಅಂದ.

"ಅವ್ವಾ, ನೀನು ಹೇಳು," ಅಂದ್ಲು ರಾಣಿ ಮಾಳವ್ವನಿಗೆ.

ಮಾಳವ್ವ ಮಂತ್ರಿ ಕಡೆ ನೋಡಿದ್ಲು. "ನಾಲಿಗೆ ಇರಲ್ಲ ಅಂದಿದಾರೆ ತಾಯಿ."

"ಆ ನಾಲಿಗೆ ಇವತ್ತಿಂದ ನನ್ನ ಕಾವಲಲ್ಲಿದೆ. ಅದಕ್ಕೇನಾದ್ರೂ ಆಯ್ತೋ, ನನ್ನ ದಂಡು ಬರುತ್ತೆ. ಹೇಳು."

ಮಾಳವ್ವ ಹತ್ತಿರ ಹೋಗಿ, ಕತ್ತು ಓರೆ ಮಾಡಿ, ಬಹಳ ಹೊತ್ತು ನೋಡಿದ್ಲು. "ಇದು ಕಾಲಿಗೆ ಮೆಟ್ಟೋ ಹಳೇ ಕೆರ ಬುದ್ಧಿ. ಕೊಕ್ಕು ಬಂದಿರೋ ಕೆರ."

ದೊರೆ ಮುಖ ಕೆಂಡ ಆಯ್ತು. ಕತ್ತಿ ಹಿಡಿಗೆ ಕೈ ಹೋಯ್ತು.

"ಆದ್ರೆ," ಅಂದ್ಲು ಮಾಳವ್ವ, "ಎಡಗಾಲು ನೋಡಿ. ಕಾಗೆ ಹೀಗೇ ಒಂದು ಕಾಲಿಗೆ ಭಾರ ಕೊಟ್ಟು ನಿಲ್ಲುತ್ತೆ. ಇದು ನೋಡಿ ಬರೆದಿದ್ದು. ಇದೊಂದು ಕಾಲು ನಿಜವಾಗ್ಲೂ ಚೆನ್ನಾಗಿದೆ."

ಕತ್ತಿ ಮೇಲಿದ್ದ ಕೈ ಹಾಗೇ ಸಡಿಲ ಆಯ್ತು. "ಯಾವುದು? ಎಡಗಾಲಾ?" ಅಂತ ಬಗ್ಗಿದ ದೊರೆ. ಹುಟ್ಟಿದಾಗಿಂದ ಹೊಗಳಿಸಿಕೊಂಡಿದ್ದ. ಆದ್ರೆ ಒಬ್ಬರಾದ್ರೂ ನೋಡಿ ಹೊಗಳಿದ್ದು ಇದೇ ಮೊದಲು. "ನಾನೇ ಬರೆದಿದ್ದು ಅದು," ಅಂದ, ಸಣ್ಣ ದನಿಯಲ್ಲಿ. ಆವತ್ತು ಅವನು ಆಡಿದ ನಿಜ ಅದೊಂದೇ.

ರಾಣಿ ಮಾಳವ್ವನಿಗೆ ಹೇಳಿದ್ಲು, "ನಮ್ಮೂರಿಗೆ ಬಾ. ಅರಮನೆ ಗೋಡೆ ಪೂರ್ತಿ ಕೊಡ್ತೀನಿ."

"ಬೇಡ ತಾಯಿ. ಅರಮನೆ ಗೋಡೆ ಮೇಲೆ ಕೆಟ್ಟದಾಗಿ ಬರೆಯೋಕಾಗಲ್ಲ. ನನಗೆ ಕೆಡಿಸೋಕೆ ಜಾಗ ಬೇಕು. ಅರ್ಧ ದಿನ ಬಿಡುವು ಕೊಡಿಸಿ, ಸಾಕು."

ಬಿಡುವೇನೋ ಕೊಡಿಸಿದ್ಲು ರಾಣಿ. ಉಳಿದ ಅರ್ಧ ದಿನ ಸಗಣಿ ಬಾಚೋರು ಯಾರು? ಮೂವರು ಪಂಡಿತರು ಸುಮ್ಮನೇ ಕೂತಿದ್ರಲ್ಲ!

ದೊರೆ ದೊಡ್ಡ ಚಿತ್ರಗಾರ ಆದನಾ ಅಂತ ಕೇಳ್ತೀರಾ? ಎಲ್ಲಿ ಬಂತು! ದಿನಾ ಮಧ್ಯಾಹ್ನ ಕೊಟ್ಟಿಗೆಗೆ ಬಂದು, ತಾನೇ ಕೆಮ್ಮಣ್ಣು ಕಲಸಿ, ಕಾಗೆ ಬರೆಯೋನು. ಕಾಲು ಕೂತರೆ ಕತ್ತು ಕೆಡೋದು, ಕತ್ತು ಕೂತರೆ ರೆಕ್ಕೆ ಕೆಡೋದು. ಮಾಳವ್ವ ಮುಲಾಜಿಲ್ಲದೆ "ಇದು ಕೋಳಿ", "ಇದು ಕೊಡೆ" ಅನ್ನೋಳು. ದೊರೆ ತಲೆ ಕೆರಕೊಂಡು ಮತ್ತೆ ಕೂರೋನು. ಬರೀತಾ ಬರೀತಾ ಸಂಜೆ ಆಗೋದು. ಅಷ್ಟು ಹೊತ್ತೂ ಹೊಸ ಸುಂಕ ಇಲ್ಲ, ಹೊಸ ಅಪ್ಪಣೆ ಇಲ್ಲ, ಯಾರಿಗೂ ಛಡಿ ಏಟಿಲ್ಲ. ಊರಿನೋರಿಗೆ ಇದು ಗೊತ್ತಾಯ್ತು. ಗೊತ್ತಾದ ಮೇಲೆ ಬಿಡ್ತಾರಾ? ಕೊಟ್ಟಿಗೆ ಮುಂದೆ ಹೋಗೋರೆಲ್ಲ ಒಂದು ಗಳಿಗೆ ನಿಂತು, ಕೈಮುಗಿದು ಹೇಳೋರು: "ಬುದ್ಧೀ, ಇನ್ನೂ ಸ್ವಲ್ಪ ಕೆಟ್ಟಿದೆ. ಮತ್ತೊಂದು ಬರೀರಿ!"

ಹೇಳಿ ಹೇಳಿ ನನ್ನ ಗಂಟಲು ಒಣಗ್ತು, ಕೂತು ಕೂತು ನಿಮ್ಮ ಕಾಲು ಜೋಮು ಹಿಡಿದ್ವು. ನಂಗಿಷ್ಟು ಮಜ್ಜಿಗೆ ಕೊಡಿ, ನಿಮ್ಮ ನಿಮ್ಮ ಕೆಲಸಕ್ಕೆ ನೀವು ಏಳಿ.