ಒಂದು ಹಲ್ಲು ಆಚೆ

ಗೋಡೆಯಾಚೆ ಇರುವೆ ಕೆಮ್ಮಿದರೂ ನನ್ನ ಕಿವಿಗೆ ಬೀಳುತ್ತದೆ. ಇನ್ನು ಗ್ಯಾರೇಜಿನ ಬೆಂಚಿನಲ್ಲಿ ನನ್ನ ಪಕ್ಕದಲ್ಲೇ ನಡೆದ ಮಾತನ್ನು ಬಿಡುತ್ತೇನೆಯೇ? ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ. ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಹೊರಗೆ ಕಾರಿನ ಬಳಿ ನಿಂತಿದ್ದರು; ಅವರ ಹೆಂಡತಿ ಬೆಂಚಿನಲ್ಲಿದ್ದರು.

“ಏನಪ್ಪಾ, ಏರು ಬಂದ್ರೆ ಕಾರು ಯಾಕೆ ಎಳೆಯೋಲ್ಲ? ಇವರೇ ಕೈಯಾರೆ ಬಿಚ್ಚಿ ಕಟ್ಟಿದ ಎಂಜಿನ್ನು.”

“ಟೈಮಿಂಗ್ ಬೆಲ್ಟ್ ಒಂದು ಹಲ್ಲು ಆಚೆ ಕೂತಿತ್ತು ಅಕ್ಕ. ಚಕ್ರದ ಗುರುತನ್ನ ಎಂಜಿನ್ನಿನ ಗುರುತಿಗೆ ಕಣ್ಣಲ್ಲಿ ನೋಡಿ ಸೇರಿಸ್ಬೇಕು, ಸೇರಿರ್ಲಿಲ್ಲ. ಸರಿ ಮಾಡಿದೀನಿ.”

“ಅವರು ಕಣ್ಣು ಮುಚ್ಕೊಂಡೇ ಕೂರಿಸ್ತಾರೆ ಅಂತಿದ್ದೆ ನೀನು!”

“ಅಕ್ಕ... ಅಣ್ಣಂಗೆ ಕಣ್ಣು ಸರಿಯಾಗಿ ಕಾಣ್ತಿದೆಯಾ?”

ಗ್ಯಾರೇಜಿನ ಸುತ್ತಿಗೆಗಳೆಲ್ಲ ಒಮ್ಮೆಗೇ ಉಸಿರು ಹಿಡಿದವು.

“ಲೋಟಾನ ಮೇಜಿನಾಚೆ ಇಟ್ಟು ಬೀಳಿಸ್ತಾರೆ. ಗಮನ ಎಲ್ಲಿದೆ ಅಂತ ದಿನಾ ಬೈತಿದ್ದೆ ಕಣೋ.”

“ಅವರಿಗೇನು ಹೇಳ್ಲಿ?”

“ಬೆಲ್ಟೇ ಸರಿಯಿರ್ಲಿಲ್ಲ ಅನ್ನು. ಡಾಕ್ಟರ ಹತ್ರ ನಾನು ಕರ್ಕೊಂಡು ಹೋಗ್ತೀನಿ.”

ಇಬ್ಬರೂ ಹೊರಗೆ ಹೋದರು.

“ಅಣ್ಣ, ಬೆಲ್ಟೇ ಸರಿಯಿರ್ಲಿಲ್ಲ.”

“ನಾನು ಹೇಳ್ಲಿಲ್ವೇನೋ ಕತ್ತೆ! ನನ್ನ ಕೈ ತಪ್ಪತ್ತಾ?”

ಮೇಸ್ತ್ರಿ ಶಿಷ್ಯನ ಭುಜ ತಟ್ಟಲು ಕೈ ಚಾಚಿದರು. ಕೈ ಗಾಳಿಯಲ್ಲೇ ತಡಕಾಡಿತು. ಮೆಕ್ಯಾನಿಕ್ ಸದ್ದಿಲ್ಲದೆ ಸರಿದು ತನ್ನ ಭುಜವನ್ನು ಆ ಕೈಯ ಕೆಳಗೆ ತಂದ.

“ಕೀಲಿ ಕೊಡಿ, ಇವತ್ತು ನಾನೇ ಓಡಿಸ್ತೀನಿ,” ಎಂದರು ಹೆಂಡತಿ.

“ಹುಷಾರು! ನೀನು ಗೇರು ಹಾಕೋ ರಭಸಕ್ಕೆ ನನ್ನ ಎಂಜಿನ್ ಸತ್ತೋಗತ್ತೆ,” ಎಂದು ನಗುತ್ತ ಅವರು ಬಾಗಿಲಿನ ಹಿಡಿಗಾಗಿ ಕಾರಿನ ಮೈಯೆಲ್ಲ ಸವರಿದರು.

ಕಾರು ಏರನ್ನು ಒಂದೇ ಉಸಿರಿಗೆ ಹತ್ತಿ ಮರೆಯಾಯಿತು.