ನಿಲ್ಲದ ರಾಟಿ

ಅಧ್ಯಕ್ಷತೆ ವಹಿಸಿರುವ ಲಕ್ಕಪ್ಪನವರೇ, ಮೂರು ತಿಂಗಳಿಗೊಮ್ಮೆ ನನ್ನ ಎದೆಗೆ ಕಿವಿಗೊಡುವ ಡಾಕ್ಟರ್ ಅನುರಾಧಾ ಅವರೇ, ಬೆಟಗೇರಿಯ ನೇಕಾರ ಬಂಧುಗಳೇ, ಹಿರೇಹಂದಿಗೋಳದಿಂದ ಬಸ್ಸು ಹತ್ತಿ ಬಂದ ಸಭಿಕರೇ, ಹಿಂದಿನ ಸಾಲಿನಲ್ಲಿ ಕೆಮ್ಮುತ್ತ ಕುಳಿತ ನನ್ನ ಜೊತೆಗಾರರೇ.

ನಾನು ಪ್ರಲ್ಹಾದ. ಐವತ್ತು ವರ್ಷ ಸೀರೆ ನೇಯ್ದವನು. ಈಗ ಹೊದಿಸಿದ ಶಾಲನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಕ್ಷಮಿಸಿ, ಇದು ಕೈಮಗ್ಗದ್ದಲ್ಲ. ಆದರೂ ಬೆಚ್ಚಗಿದೆ. ಆರು ವರ್ಷ ಒಂದು ದಿನವೂ ತಪ್ಪದೆ ಉಸಿರಿನ ಪಂಪು, ಅದೇ ಇನ್‌ಹೇಲರ್, ಎಳೆದುಕೊಂಡಿದ್ದಕ್ಕೆ ಈ ಸನ್ಮಾನವಂತೆ. ಶ್ವಾಸಕೋಶದ ಈ ರೋಗ ಅದರಿಂದ ವಾಸಿಯಾಗುವುದಿಲ್ಲ. ಆದರೆ ಮೆಟ್ಟಿಲು ಹತ್ತಬಹುದು, ಸಂತೆಗೆ ಹೋಗಬಹುದು, ಹೀಗೆ ನಿಂತು ನಿಮ್ಮ ತಲೆ ತಿನ್ನಬಹುದು. ಬಹಳ ವರ್ಷ ಬಳಸಿದರೂ ಅದು ಕೆಲಸ ಮಾಡುತ್ತದೆಯೇ, ಹೇಳಿ ಎಂದರು ಡಾಕ್ಟರು. ಮಾಡುತ್ತದೆ. ನಾನೇ ಸಾಕ್ಷಿ. ಆದರೆ ಅದನ್ನು ನಾನು ಯಾರಿಂದ ಕಲಿತೆ?

ನನ್ನ ಹೆಂಡತಿ ರತ್ನವ್ವನಿಗೆ ನನಗಿಂತ ಮೊದಲೇ ಈ ರೋಗ ಬಂತು. ಒಲೆಯ ಹೊಗೆ, ನೂಲಿನ ಧೂಳು. ದಿನಾ ಎರಡು ಹೊತ್ತು ಪಂಪು ಬರೆದುಕೊಟ್ಟರು. ನಾನು ಭಾಳ ಶಾಣ್ಯಾ. ‘ದಿನಾ ತೊಗೊಂಡ್ರ ಚಟ ಆಗತೈತಿ, ದಮ್ಮು ಹತ್ತಿದಾಗಷ್ಟ ತೊಗೊ’ ಅಂದೆ. ಅವಳು ನನ್ನ ಮಾತು ಯಾವಾಗ ಮೀರಿದ್ದಳು?

ನೇಕಾರರ ಮನೆ ನಿಮಗೆ ಗೊತ್ತು. ಹೊರಗೆ ನನ್ನ ಮಗ್ಗ, ಒಳಗೆ ನೂಲು ಸುತ್ತುವ ಅವಳ ರಾಟಿ. ಅದರ ಸಪ್ಪಳ ನಿಂತರೆ ಕೂತಲ್ಲಿಂದಲೇ ಕೂಗುತ್ತಿದ್ದೆ, ‘ಯಾಕ ನಿಲ್ಲಿಸಿದಿ?’ ಬರಬರುತ್ತಾ ಅದು ನಿಲ್ಲುವುದನ್ನೇ ಬಿಟ್ಟಿತು. ಹೇಗಿದ್ದಾರೆ ಎಂದು ಡಾಕ್ಟರು ಕೇಳಿದಾಗಲೆಲ್ಲ, ದಿನವಿಡೀ ರಾಟಿ ತಿರುಗಸ್ತಾಳ್ರಿ, ಆರಾಮ ಅದಾಳ ಎಂದು ಹೇಳಿ ಬರುತ್ತಿದ್ದೆ. ಹೀಗೆ ಮೂರು ವರ್ಷ.

ಒಂದು ಮಧ್ಯಾಹ್ನ ಲಾಳಿಯ ನೂಲು ತೀರಿತು. ಎದ್ದು ಒಳಗೆ ಹೋದೆ. ರಾಟಿ ತಿರುಗುತ್ತಿತ್ತು, ಅದರ ಮೇಲೆ ಒಂದೆಳೆ ನೂಲಿರಲಿಲ್ಲ. ಅವಳ ಒಂದು ಕೈ ರಾಟಿಯ ಮೇಲೆ, ಇನ್ನೊಂದು ಎದೆಯ ಮೇಲೆ. ತುಟಿ ನೀಲಿಗಟ್ಟಿತ್ತು. ಎಷ್ಟೋ ಹೊತ್ತಿನ ಮೇಲೆ ಅಂದಳು, ‘ನಿಲ್ಲಿಸಿದ್ರ ನೀವು ಕೇಳ್ತೀರಿ. ಹೇಳಾಕ ಉಸಿರ ಇರಂಗಿಲ್ರಿ.’

ಅಂದಿನಿಂದ ಎರಡು ಹೊತ್ತೂ ನಾನೇ ಪಂಪು ಹಿಡಿದೆ. ಖರೆ ಹೇಳುತ್ತೇನೆ, ಒಂದು ವರ್ಷ ಚೆನ್ನಾಗಿದ್ದಳು. ಡಂಬಳದ ಕೆರೆ ಏರಿಯನ್ನು ನಿಲ್ಲದೆ ಹತ್ತಿದಳು. ಆಮೇಲೆ ಹೋದಳು. ಮೂರು ವರ್ಷ ಮೊದಲೇ ಹೀಗೆ ಮಾಡಿದ್ದರೆ? ಈ ಪ್ರಶ್ನೆ ಕೇಳಿದಾಗ ಡಾಕ್ಟರು ನನ್ನ ಎದೆಗೆ ಕೊಳವೆ ಇಟ್ಟು, ಉಸಿರು ಎಳೀರಿ ಅನ್ನುತ್ತಾರೆ. ಅದು ಅವರ ಒಳ್ಳೆಯತನ.

ಪಂಪು ಎಳೆದ ಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಆ ಹೊತ್ತಿನಲ್ಲಿ ಮನೆಯೊಳಗೆ ಏನೇನೂ ಸಪ್ಪಳವಿರುವುದಿಲ್ಲ. ನಾನು ಒಬ್ಬನೇ ಅದೀನಿ ಅಂತ ದಿನಾ ಎರಡು ಸಲ ಗೊತ್ತಾಗತೈತಿ.

ಗಂಡಸರೇ, ಕೂತಲ್ಲಿಂದ ಕೂಗಬೇಡಿ. ಎದ್ದು ಒಳಗೆ ಹೋಗಿ ನೋಡಿ. ಇಷ್ಟೇ ನನ್ನ ಭಾಷಣ.

ನನ್ನ ಮಾತು ಕೇಳಿದಿರಿ, ದೊಡ್ಡ ಉಪಕಾರ. ಶಾಲಿಗೂ ಉಪಕಾರ. ಮನೆಗೆ ಒಯ್ದು ಆ ರಾಟಿಗೆ ಹೊದಿಸುತ್ತೇನೆ. ನಮಸ್ಕಾರ.