ನೋವಿಲ್ಲದ ಹುಣ್ಣು

೧೯೪೬ರ ಒಂದು ಮಧ್ಯಾಹ್ನ. ಹೊಳೆನರಸೀಪುರದಲ್ಲಿ ರಾಮನಾಥಪುರದ ಬಸ್ಸಿಗೆ ಕಾಯುತ್ತಿದ್ದ ಗೋದಮ್ಮನವರ ಪಕ್ಕದಲ್ಲಿ ಅಕ್ಕ, ತಮ್ಮ ಇಬ್ಬರು ಬಂದು ಕುಳಿತರು. ಹಾಸನದ ಆಸ್ಪತ್ರೆಯಿಂದ ಬಂದವರು. ತಮ್ಮನ ಬಲಗಾಲಿಗೆ ದಪ್ಪನೆಯ ಪಟ್ಟಿ ಸುತ್ತಿತ್ತು.

“ನೋವೇ ಇರ್ನಿಲ್ಲ ಕಣಕ್ಕಾ. ಇದ್ದಿದ್ರೆ ನಾನೇ ಆಸ್ಪತ್ರೆಗೆ ಓಯ್ತಿದ್ದೆ.”

“ಅದೇ ಕೇಡು ಅಂದ್ರಲ್ಲಪ್ಪ ಡಾಕ್ಟ್ರು! ಸಿಹಿಮೂತ್ರ ಇದ್ದೋರ ಕಾಲು ಮರಗಟ್ಟಿರ್ತದಂತೆ. ಮುಳ್ಳು ಚುಚ್ಚಿದ್ರೂ ತಿಳಿಯಾಕಿಲ್ವಂತೆ.”

“ಮತ್ತೆ ನಿಂಗೆಂಗೆ ತಿಳೀತು?”

“ಅಬ್ಬಕ್ಕೆ ನಮ್ಮನೆಗೆ ಬಂದ್ಯಲ್ಲ, ಸಾರಿಸಿದ ನೆಲದ ಮ್ಯಾಲೆ ನೀನು ನಡೆದಲ್ಲೆಲ್ಲ ರಕ್ತದ ಗುರ್ತು.”

“ನಾನು ಯಾರೋ ಎಲೆಅಡ್ಕೆ ಉಗುಳವ್ರೆ ಅಂದ್ಕಂಡೆ.”

ಗೋದಮ್ಮನವರು ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ತಮ್ಮನೂ ನಕ್ಕ.

“ನಗ್ಬ್ಯಾಡ ಪಾಲಾಕ್ಷ. ಇನ್ನೊಂದು ವಾರ ತಡ ಮಾಡಿದ್ರೆ ಪಾದಾನೇ ತೆಗೀಬೇಕಿತ್ತಂತೆ.” ಅಕ್ಕ ಕಣ್ಣೊರೆಸಿಕೊಂಡಳು.

“ತೆಗೀನಿಲ್ವಲ್ಲ! ಕೀವು ತೊಳೆದ್ರು, ಸೂಜಿ ಚುಚ್ಚಿದ್ರು, ಹುಣ್ಣು ಮಾಯ್ತಾ ಅದೆ ಅಂದ್ರು. ಈಗ್ಯಾಕ್ ಅಳ್ತೀಯಾ?”

“ದಿನಾ ಅಂಗಾಲು ನೋಡ್ಕತೀಯಾ?”

“ಬಗ್ಗಿ ನೋಡಾಕೆ ಈ ಒಟ್ಟೆ ಬಿಡ್ಬೇಕಲ್ಲ!”

“ನಿನ್ ಎಂಡ್ರಿಗೆ ಏಳ್ತೀನಿ ಬಿಡು, ಅವಳೇ ನೋಡ್ತಾಳೆ.”

ಹಳ್ಳಿಮೈಸೂರಿನ ಬಸ್ಸು ಬಂದು ನಿಂತಿತು. ತಮ್ಮ ಅಕ್ಕನ ಹೆಗಲು ಹಿಡಿದು ಎದ್ದ.

“ಮೆಲ್ಲಗೆ. ಎಡಗಾಲು ಮೊದ್ಲು ಇಡು.”

“ಎಡಗಾಲಾ? ಊರಿಗೆ ಓಗುವಾಗ ಬಲಗಾಲಲ್ವೇನಕ್ಕಾ ಮುಂದಿಡಾದು?”

“ಎರಡೂ ಕಾಲು ಉಳಿದವಲ್ಲ, ಯಾವ್ದಾದ್ರೂ ಇಡಪ್ಪ!”

ಇಬ್ಬರೂ ನಗುತ್ತಲೇ ಬಸ್ಸು ಹತ್ತಿದರು.